ಎರಡು ಸಲ ಒತ್ತುವವರು

ಆ ಮನೆಯಲ್ಲಿ ಒಂದು ಚಮಚ ಕಾಣೆಯಾದರೂ ಊಟ ಮುಗಿಯುತ್ತಿರಲಿಲ್ಲ. ಮನೆಯೊಡತಿ ಇಪ್ಪತ್ತಾರು ವರ್ಷದಿಂದ ದೊಡ್ಡಾಸ್ಪತ್ರೆಯ ತೊಳೆಯುವ ಕೋಣೆಯಲ್ಲಿ ದುಡಿದವಳು. ಆಪರೇಷನ್ನಿಗೆ ಬಳಸಿದ ಕತ್ತರಿ, ಚಿಮಟ, ಕೊಕ್ಕೆಗಳನ್ನು ತೊಳೆಯಬೇಕು, ಎಣಿಸಬೇಕು, ಟ್ರೇಯಲ್ಲಿ ಜೋಡಿಸಿ ಬಟ್ಟೆ ಸುತ್ತಿ ಕಟ್ಟಬೇಕು, ಕೊನೆಗೆ ಆವಿಯ ಯಂತ್ರದಲ್ಲಿ ಬೇಯಿಸಬೇಕು. ಒಂದು ಟ್ರೇಯಲ್ಲಿ ನಲವತ್ಮೂರು ಸಾಮಾನು. ಒಂದು ಕಡಿಮೆ ಬಿದ್ದರೆ ಅದು ರೋಗಿಯ ಹೊಟ್ಟೆಯಲ್ಲಿರಬಹುದು ಎಂಬ ಭಯದಲ್ಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಅಲ್ಲಿ ಎಲ್ಲರೂ ಅವಳನ್ನು ಎಣಿಕೆಯಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರು ಬೆನ್ನು ಹತ್ತಿ ಮನೆಗೂ ಬಂದಿತ್ತು.

ಗಂಡ ಹತ್ತು ಮಹಡಿಯ ಕಚೇರಿ ಕಟ್ಟಡದಲ್ಲಿ ಮೂವತ್ತು ವರ್ಷ ಲಿಫ್ಟ್ ನಡೆಸಿ ನಿವೃತ್ತನಾದವನು, ಓಣಿಯವರ ಬಾಯಲ್ಲಿ ಲಿಫ್ಟಪ್ಪ. ಈಗ ಅಡುಗೆ ಅವನದು. ಒಬ್ಬಳೇ ಮಗಳು ಅಂಚೆ ಕಚೇರಿಯ ರಿಜಿಸ್ಟರ್ ಕೌಂಟರಿನಲ್ಲಿ ಕೂರುತ್ತಾಳೆ. ಅಳಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಪರದೆಯ ಮೇಲಿನ ಗುಂಡಿಗಳನ್ನು ವಿನ್ಯಾಸ ಮಾಡುವವನು. ಮದುವೆಯ ಹೊಸತರಲ್ಲಿ "ಬೇರೆ ಮನೆ ಸಿಗೋವರೆಗೆ" ಎಂದು ಎರಡು ಪೆಟ್ಟಿಗೆ ಹಿಡಿದು ಬಂದವನಿಗೆ ಒಂದೂವರೆ ವರ್ಷವಾದರೂ ಮನೆ ಸಿಕ್ಕಿರಲಿಲ್ಲ. ಹುಡುಕಿದರಲ್ಲವೇ ಸಿಗುವುದು.

ಒಂದು ಭಾನುವಾರ ಮಾವ ಕೇಳಿದನೆಂದು ಅವನು ತನ್ನ ಕೆಲಸವನ್ನು ಅಡುಗೆಮನೆಯ ಡಬ್ಬಗಳಲ್ಲೇ ತೋರಿಸಿದ್ದ. ದೊಡ್ಡ ಡಬ್ಬದೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು.

"ಕೆಲಸಾನೂ ಹೀಗೇ ಮಾವ. ದೊಡ್ಡ ಕೆಲಸದೊಳಗೆ ಸಣ್ಣ ಕೆಲಸ, ಸಣ್ಣದರೊಳಗೆ ಇನ್ನೊಂದು. ಒಳಗೆ ಹೋದವರು ದಾರಿ ತಪ್ಪದೆ ಹೊರಗೆ ಬರಬೇಕಲ್ಲ? ಆ ದಾರಿ ಗುಂಡಿಗಳು ನಂದು."

"ಗುಂಡಿ ವಿಷಯ ನನಗೇ ಹೇಳ್ತೀರಾ ಅಳಿಯಂದಿರೇ? ಬರೀ ಗುಂಡಿ ಒತ್ತಿಯೇ ಮಗಳ ಮದುವೆ ಮಾಡಿದವನು ನಾನು."

"ನಿಮ್ಮ ಲಿಫ್ಟಿಗೆ ಹತ್ತು ಗುಂಡಿ. ನಂದರಲ್ಲಿ ಎಲ್ಲಕ್ಕೂ ಒಂದೇ ಜಾಗ. ಬೆರಳು ಆ ಕಡೆ ಈ ಕಡೆ ಓಡಾಡೋದೇ ಬೇಡ. ಅದಕ್ಕೇ ಕಂಪನೀಲಿ ಬಹುಮಾನ ಕೊಟ್ರು."

ಎಣಿಕೆಯಮ್ಮ ಇದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಮುಚ್ಚಳ ಎಂಟಿತ್ತು, ಏಳೇ ಇದೆ," ಎಂದು ಮೇಜಿನ ಕೆಳಗೆ ಬಗ್ಗಿದಳು. ಮಾತು ಅಲ್ಲಿಗೇ ನಿಂತಿತು.

ಅವಳ ಕೋಣೆಗೂ ವರ್ಷದ ಹಿಂದೆ ಪರದೆ ಬಂದಿತ್ತು. ಟ್ರೇಗೊಂದರಂತೆ ಇದ್ದ ಕಾಗದದ ಕಾರ್ಡುಗಳನ್ನು ಎಸೆದು ಗೋಡೆಗೆ ಟ್ಯಾಬ್ಲೆಟ್ ಕೂರಿಸಿದ್ದರು. "ಆ ಹಾಳು ಪರದೆ" ಎಂದು ಬೈಯದೆ ಅವಳು ಒಂದು ದಿನವೂ ಮನೆಗೆ ಬಂದವಳಲ್ಲ. ಯಾವ ಪರದೆ, ಏನು ಹಾಳು ಎಂದು ಅಳಿಯ ಒಂದು ದಿನವೂ ಕೇಳಿದವನಲ್ಲ. ಅದರ ಮೇಲೆ ಆಸ್ಪತ್ರೆಯದೇ ಹೆಸರಿದ್ದುದರಿಂದ ಮಾಡಿದವರು ಯಾರೆಂದು ಅವಳಿಗೂ ಗೊತ್ತಿರಲಿಲ್ಲ. ಒಂದೇ ಮೇಜಿನಲ್ಲಿ ದಿನಾ ಉಣ್ಣುವವರು ಇಷ್ಟು ಚೆನ್ನಾಗಿ ಒಬ್ಬರನ್ನೊಬ್ಬರು ಅರಿತಿದ್ದರು.

ಒಂದು ಶುಕ್ರವಾರ ಸಂಜೆ ಅಳಿಯ ತಟ್ಟೆಯ ಮುಂದೆ ಕೂತು ಗೊಣಗಿದ.

"ಎಲ್ಲೋ ಒಂದು ಆಸ್ಪತ್ರೇಲಿ ಯಾರೋ ಏನೋ ಒತ್ತಿ ಕೆಡಿಸಿಟ್ಟು ನಮ್ಮ ತಲೆಗೆ ಕಟ್ತಿದ್ದಾರೆ."

"ಯಾವ ಆಸ್ಪತ್ರೆ?" ಎಂದಳು ಎಣಿಕೆಯಮ್ಮ.

"ನಮಗೆ ಹೆಸರು ಬರಲ್ಲ ಅತ್ತೆ, ನಂಬರ್ ಅಷ್ಟೇ. ಇಪ್ಪತ್ಮೂರು. ಹಳೇ ಕಾಲದವರ ಕೈಗೆ ಹೊಸ ಸಾಮಾನು ಕೊಟ್ರೆ ಇನ್ನೇನಾಗುತ್ತೆ?"

"ಹಳೇ ಕಾಲದವರೇ ನಿಮಗೆ ಬಡಿಸ್ತಿರೋದು. ಆಲೂಗಡ್ಡೆ ಇನ್ನೊಂದು ಹಾಕ್ಲಾ?"

ಅವನು ನಕ್ಕು ಎರಡು ಹಾಕಿಸಿಕೊಂಡ. ಊಟವಾದ ಮೇಲೆ ಕಂಪನಿ ಕಳಿಸಬೇಕಿದ್ದ ಉತ್ತರವನ್ನು ಹೆಂಡತಿಯ ಮುಂದೆ ಹಿಡಿದು, "ಕಚೇರಿ ಭಾಷೆ ನಿನಗೆ ಚೆನ್ನಾಗಿ ಬರುತ್ತೆ, ಸ್ವಲ್ಪ ತಿದ್ದಿಕೊಡು," ಎಂದ. ಅವಳು ಎರಡು ಕಡೆ ತಿದ್ದಿಕೊಟ್ಟಳು.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋದ ಎಣಿಕೆಯಮ್ಮ ಹನ್ನೊಂದಕ್ಕೆಲ್ಲ ಮನೆಗೆ ಬಂದಳು. ಲಿಫ್ಟಪ್ಪ ಬಟಾಣಿ ಬಿಡಿಸುತ್ತಿದ್ದ.

"ಏನೇ, ಇಷ್ಟು ಬೇಗ?"

ಅವಳು ಚಪ್ಪಲಿ ಬಿಡದೆ ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ಲಕೋಟೆಯನ್ನು ಮೇಜಿನ ಮೇಲಿಟ್ಟಳು. "ಅಮಾನತು ಮಾಡಿದ್ರು. ನನ್ನ ಕೈಯಿಂದ ಬೇಯದ ಟ್ರೇ ಆಪರೇಷನ್ನಿಗೆ ಹೋಯ್ತಂತೆ. ನನ್ನ ಕೈಯಿಂದ!"

ಆದದ್ದು ಇಷ್ಟು. ಹಿಂದಿನ ಗುರುವಾರ ಅವಳು ಒಂದು ಟ್ರೇ ತೊಳೆದು, ಎಣಿಸಿ, ಕಟ್ಟಿದ್ದಳು. ಆವಿಯ ಯಂತ್ರ ತುಂಬಿತ್ತು. ಮುಂದಿನ ಸರದಿಗೆ ಇರಲೆಂದು ಪಕ್ಕಕ್ಕಿಟ್ಟಳು. ಅಷ್ಟರಲ್ಲಿ ಅವಳ ಪಾಳಿ ಮುಗಿಯಿತು. ಪರದೆಯಲ್ಲಿ ಮಾತ್ರ ಆ ಟ್ರೇ ಹಸಿರಾಗಿ, ಎಲ್ಲ ಮುಗಿಯಿತು ಎಂದು ತೋರಿಸುತ್ತಿತ್ತು. ಮುಂದಿನ ಪಾಳಿಯವರು ಹಸಿರು ನೋಡಿ ಟ್ರೇಯನ್ನು ಆಪರೇಷನ್ ಕೋಣೆಗೆ ಕಳಿಸಿದರು. ಅಲ್ಲಿ ನರ್ಸು ಬಟ್ಟೆಯ ಗಂಟಿಗೆ ಅಂಟಿಸಿದ ಪಟ್ಟಿ ನೋಡಿದಳು. ಆವಿಯಲ್ಲಿ ಬೆಂದಿದ್ದರೆ ಅದು ಕಪ್ಪಾಗಬೇಕಿತ್ತು, ಬಿಳಿಯಾಗಿಯೇ ಇತ್ತು. ಬೇರೆ ಟ್ರೇ ಬರುವವರೆಗೆ ನಲವತ್ತು ನಿಮಿಷ ರೋಗಿ ಪ್ರಜ್ಞೆಯಿಲ್ಲದೆ ಮೇಜಿನ ಮೇಲೆ ಮಲಗಿರಬೇಕಾಯಿತು. ಜೀವಕ್ಕೇನೂ ಆಗಲಿಲ್ಲ. ಎಣಿಕೆಯಮ್ಮನ ಹೆಸರು ಮಾತ್ರ ಹೋಯಿತು. ಮೂರು ವಾರಕ್ಕೆ ವಿಚಾರಣೆ. ತಪ್ಪು ಸಾಬೀತಾದರೆ ಕೆಲಸದಿಂದ ವಜಾ.

ಸಂಜೆ ಮಗಳು ಲಕೋಟೆಯಲ್ಲಿದ್ದ ಕಾಗದಗಳನ್ನು ಗಟ್ಟಿಯಾಗಿ ಓದಿದಳು. ಕೊನೆಯಲ್ಲಿ, ಆ ಪರದೆ ಮಾಡಿದ ಕಂಪನಿಯ ಪತ್ರದ ಪ್ರತಿ ಇತ್ತು. "ಗುಂಡಿಯ ವಿನ್ಯಾಸದಲ್ಲಿ ಯಾವುದೇ ದೋಷವಿಲ್ಲ. ಸಿಬ್ಬಂದಿ ಅವಸರದಲ್ಲಿ ಎರಡು ಸಲ ಒತ್ತಿರುವುದು ದಾಖಲಾಗಿದೆ. ಇದು ಬಳಸುವವರ..." ಅವಳು ಹಿಂದಿನ ಸಾಲಿಗೆ ಬೆರಳಿಟ್ಟು ಮತ್ತೆ ನೋಡಿದಳು.

"ಓದೇ," ಎಂದಳು ತಾಯಿ.

"...ಬಳಸುವವರ ಅಜಾಗರೂಕತೆಯೇ ಹೊರತು ಬೇರೇನಲ್ಲ."

ಅವಳು ಗಂಡನ ಕಡೆ ತಿರುಗಿದಳು. "ಇದು ಶುಕ್ರವಾರ ನನ್ನ ಕೈಲಿ ತಿದ್ದಿಸ್ಕೊಂಡ ಕಾಗದ. ನೀನು 'ತಪ್ಪು' ಅಂತ ಬರೆದಿದ್ದೆ. 'ಅಜಾಗರೂಕತೆ' ಅಂತ ಹಾಕಿದ್ದು ನಾನು."

ಅಳಿಯನ ಕೈಯಲ್ಲಿದ್ದ ಚಹಾ ಅಲ್ಲೇ ಉಳಿಯಿತು. "ಅತ್ತೆ... ನನಗೆ ಗೊತ್ತಿರಲಿಲ್ಲ. ದೇವರಾಣೆ, ಅದು ನೀವು ಅಂತ ಗೊತ್ತಿದ್ರೆ..."

"ನಾನು ಅಂತ ಗೊತ್ತಿದ್ರೆ ಬರೀತಿರಲಿಲ್ಲ. ಬೇರೆಯವರಾದ್ರೆ ಬರೀಬಹುದು, ಅಲ್ವಾ?"

"ಹಾಗಲ್ಲ. ಆದ್ರೆ ನೀವೂ ಎರಡು ಸಲ ಒತ್ತಿದ್ದೀರಿ ಅತ್ತೆ. ಒಂದು ಸಲ ಒತ್ತಿದ್ರೆ ಆ ಸಾಮಾನಿನ ಕೆಲಸ ಮುಗಿದು ಒಂದು ಹೆಜ್ಜೆ ಹಿಂದಕ್ಕೆ, ಟ್ರೇಯ ಪಟ್ಟಿಗೆ ಬರುತ್ತೆ. ಅದೇ ಜಾಗದಲ್ಲಿ ಇನ್ನೊಂದ್ಸಲ ಒತ್ತಿದ್ರೆ ಇಡೀ ಟ್ರೇಗೆ 'ಎಲ್ಲ ಮುಗಿಯಿತು' ಅಂತ ಆಗುತ್ತೆ. ಯಾಕೆ ಎರಡು ಸಲ ಒತ್ತೋಕೆ ಹೋದ್ರಿ?"

ಎಣಿಕೆಯಮ್ಮ ಎದ್ದಳು. ಅಳಿಯನಿಗೆ ಮದುವೆಯ ದಿನದಿಂದ 'ನೀವು' ಎನ್ನುತ್ತಿದ್ದ ಬಾಯಿ ಅದು.

"ಏಳೋ. ಆ ನಿನ್ನ ಪರದೆ ತಗೊಂಡು ಅಡುಗೆಮನೆಗೆ ಬಾ."

ಅವಳು ಸಿಂಕಿಗೆ ಬಿಸಿನೀರು ಬಿಟ್ಟು ಸೋಪು ಸುರಿದಳು. ಮನೆಯ ಚಮಚ, ಫೋರ್ಕು, ಕತ್ತರಿಗಳನ್ನೆಲ್ಲ ಬಾಚಿ ಅದರೊಳಗೆ ಹಾಕಿದಳು. ಕಪಾಟಿನಿಂದ ದಪ್ಪ ರಬ್ಬರ್ ಗ್ಲೌಸ್ ತೆಗೆದು ಅವನ ಎದೆಗೆ ಎಸೆದಳು.

"ಹಾಕ್ಕೋ. ಒಂದೊಂದೇ ತೊಳಿ. ಒಂದು ತೊಳೆದ ಮೇಲೆ ಗುಂಡಿ ಒತ್ತು."

ಅಳಿಯ ಕೆಲಸಕ್ಕೆಂದು ಕಂಪನಿಯಿಂದ ತಂದಿಟ್ಟುಕೊಂಡಿದ್ದ ಟ್ಯಾಬ್ಲೆಟ್ಟಿನಲ್ಲೂ ಅದೇ ಪರದೆ ಇತ್ತು; ಲಿಫ್ಟಪ್ಪ ಅದನ್ನು ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ. ಅಳಿಯ ಒಂದು ಚಮಚ ತೊಳೆದು, ನೀರಿಳಿಯುವ ಬೆರಳಿನಿಂದ ಒತ್ತಿದ. ಪರದೆ ಅಲುಗಲಿಲ್ಲ. ಮತ್ತೆ ಒತ್ತಿದ, ಒಂದು ಹೆಜ್ಜೆ ಹಿಂದಕ್ಕೆ ಬಂತು. ಪಟ್ಟಿಯಲ್ಲಿ ಎರಡನೇ ಚಮಚ ತೆರೆದು ತೊಳೆದ, ಅದಕ್ಕೂ ಹಾಗೆಯೇ. ಮೂರು, ನಾಲ್ಕು, ಐದಕ್ಕೂ ಮೊದಲ ಒತ್ತು ಹಿಡಿಯಲೇ ಇಲ್ಲ. ಆರನೆಯದಕ್ಕೆ ಅವನ ಬೆರಳು ತಾನಾಗಿಯೇ ಟಕ್ ಟಕ್ ಎಂದು ಎರಡು ಸಲ ಒತ್ತಿತು. ಆ ಸಲ ಎರಡೂ ಹಿಡಿದವು. ಪರದೆಯೆಲ್ಲ ಹಸಿರಾಯಿತು: ತೊಳೆದಾಯಿತು, ಎಣಿಸಿದ್ದಾಯಿತು, ಕಟ್ಟಿದ್ದಾಯಿತು, ಬೇಯಿಸಿದ್ದಾಯಿತು. ಸಿಂಕಿನಲ್ಲಿ ಇನ್ನೂ ಹದಿನೇಳು ಸಾಮಾನು ಇದ್ದವು.

"ಆರು ಚಮಚಕ್ಕೆ ನಿನ್ನ ಬೆರಳು ಕಲೀತು," ಎಂದಳು ಎಣಿಕೆಯಮ್ಮ. "ನಾನು ದಿನಕ್ಕೆ ಆರುನೂರು ತೊಳೀತೀನಿ. ಅಲ್ಲಿ ಎಲ್ಲರೂ ಎರಡು ಸಲಾನೇ ಒತ್ತೋದು. ಇದನ್ನ ಮಾಡೋವಾಗ ಒಂದ್ಸಲ ಗ್ಲೌಸ್ ಹಾಕಿ ನೋಡಿದ್ಯಾ?"

"ಇಲ್ಲ."

"ಯಾರನ್ನಾದ್ರೂ ಕೇಳಿದ್ಯಾ?"

"ಇಲ್ಲ ಅತ್ತೆ."

"ಬಹುಮಾನ ಮಾತ್ರ ತಗೊಂಡೆ."

ಲಿಫ್ಟಪ್ಪನಿಗೆ ಸುಮ್ಮನಿರಲು ಬರುವುದಿಲ್ಲ. "ನಮ್ಮ ಲಿಫ್ಟಲ್ಲಿ ಬಾಗಿಲು ತೆಗೆಯೋ ಗುಂಡಿ ಯಾವ ಮಹಡೀಲೂ ಬಾಗಿಲೇ ತೆಗೀತಿತ್ತು. ನಾಲ್ಕರಲ್ಲಿ ಬಾಗಿಲು, ಮೂರರಲ್ಲಿ ಹಗ್ಗ ಕತ್ತರಿಸೋದು ಅಂತ ಇರಲಿಲ್ಲಪ್ಪ."

"ನೀವು ಬಾಯಿ ಮುಚ್ಚಿ," ಎಂದಳು ಹೆಂಡತಿ. ಮತ್ತೆ ಅಳಿಯನಿಗೆ, "ಈಗ ಕಣ್ಣಾರೆ ಕಂಡ್ಯಲ್ಲ, ಇದನ್ನೇ ಬರೆದುಕೊಡು. ಗುಂಡಿ ಇಟ್ಟಿದ್ದೇ ತಪ್ಪು ಅಂತ."

ಅವನು ಗ್ಲೌಸ್ ಕಳಚಿದ. "ಬರೆದುಕೊಟ್ರೆ ನನ್ನ ಕೆಲಸ ಹೋಗುತ್ತೆ ಅತ್ತೆ. ಸ್ವಲ್ಪ ಟೈಮ್ ಕೊಡಿ. ನಾನು ಸರಿ ಮಾಡ್ತೀನಿ. ಖಂಡಿತ ಸರಿ ಮಾಡ್ತೀನಿ."

ಆ ಮೂರು ವಾರ ಮನೆ ಕೆಂಡದ ಮೇಲೆ ಕೂತ ಹಾಗಿತ್ತು. ಎಣಿಕೆಯಮ್ಮ ಅಳಿಯನಿಗೆ ಬಡಿಸುವುದನ್ನು ಬಿಟ್ಟಳು. ಲಿಫ್ಟಪ್ಪ ಬಡಿಸಿದರೆ, ಅವಳು ಕಿಟಕಿಯ ಪಕ್ಕ ತಟ್ಟೆ ಹಿಡಿದು ನಿಂತು ಉಣ್ಣುತ್ತಿದ್ದಳು. ಕೆಲಸವಿಲ್ಲದ ಕೈ ಸುಮ್ಮನಿರದೆ ಮನೆಯ ಬಟ್ಟೆ, ಪಿನ್ನು, ಬೆಂಕಿಕಡ್ಡಿ ಎಲ್ಲ ಎಣಿಸಿತು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು "ರಜೆನಾ?" ಎಂದು ಮೂರು ಸಲ ಕೇಳಿದಳು. ಮೂರನೇ ಸಲ ಎಣಿಕೆಯಮ್ಮ ಬಾಗಿಲು ಹಾಕಿಕೊಂಡಳು.

ಮಗಳು ದಿನಾ ಗಂಡನನ್ನು ಕೇಳುತ್ತಿದ್ದಳು. "ಬರೆದ್ಯಾ?"

"ಮಾಡ್ತಿದ್ದೀನಿ ಮಾರಾಯ್ತಿ. ಅದಕ್ಕೇ ದಿನಾ ತಡವಾಗಿ ಬರ್ತಿರೋದು."

"ಒಂದು ಕಾಗದ ಬರೆಯೋಕೆ ಇಷ್ಟು ದಿನವಾ?"

"ಕಾಗದಕ್ಕಿಂತ ದೊಡ್ಡದು. ಆಮೇಲೆ ನೋಡು."

ಅವನ ಮುಖದಲ್ಲಿ ನಿಜವಾಗಿಯೂ ಒಂದು ಹುರುಪಿತ್ತು. ಮಗಳು ಅದನ್ನು ತಾಯಿಗೆ ಹೇಳಿದಳು. ಎಣಿಕೆಯಮ್ಮ ವಿಚಾರಣೆಯ ಬೆಳಿಗ್ಗೆ ಅವನ ತಟ್ಟೆಗೆ ಒಂದು ಮೊಟ್ಟೆ ತಾನೇ ಹಾಕಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟಳು.

ವಿಚಾರಣೆ ನಡೆದದ್ದು ಆಡಳಿತದ ಕೋಣೆಯಲ್ಲಿ. ಆಡಳಿತಾಧಿಕಾರಿ, ಮುಖ್ಯ ನರ್ಸು, ತೊಳೆಯುವ ಕೋಣೆಯ ಸೂಪರ್‌ವೈಸರ್ ಕೂತಿದ್ದರು. ಕಂಪನಿಯಿಂದ ಯಾವ ಕಾಗದವೂ ಬಂದಿರಲಿಲ್ಲ. ಅವಳು ಎದೆಗುಂದಲಿಲ್ಲ.

"ಒಂದು ಬಟ್ಟಲು ನೀರು, ಒಂದು ಜೊತೆ ಗ್ಲೌಸು, ಆ ಪರದೆ ತರಿಸಿ. ನಾನೇ ತೋರಿಸ್ತೀನಿ," ಎಂದಳು.

ತರಿಸಿದರು. ಅವಳು ಕೈ ಅದ್ದಿ ಎರಡು ಸಲ ಒತ್ತಿದಳು. ಪರದೆ ಒಂದು ಹೆಜ್ಜೆ ಹಿಂದಕ್ಕೆ ಬಂದು ನಿಂತಿತು. ಮತ್ತೆ ಒತ್ತಿದಳು. ಹತ್ತು ಸಲ, ಇಪ್ಪತ್ತು ಸಲ ಒತ್ತಿದಳು. ಯಾವುದೂ ಹಸಿರಾಗಲಿಲ್ಲ. 'ಎಲ್ಲ ಮುಗಿಯಿತು' ಎಂಬ ಗುಂಡಿ ಆ ಜಾಗದಲ್ಲೇ ಇರಲಿಲ್ಲ. ಎದುರು ಮೂಲೆಗೆ ಹೋಗಿ ಕೂತಿತ್ತು. ಅದನ್ನು ಒತ್ತಿದರೆ, "ಬೇಯಿಸುವುದು ಬಾಕಿ ಇದೆ" ಎಂದು ಪರದೆ ಅವಳಿಗೇ ಬುದ್ಧಿ ಹೇಳಿತು.

"ಇದು ಇಲ್ಲಿರಲಿಲ್ಲ. ಈ ಕಡೆ ಇತ್ತು, ನಾನು ದಿನಾ ನೋಡಿದ್ದೀನಿ."

ಸೂಪರ್‌ವೈಸರ್ ಆಡಳಿತಾಧಿಕಾರಿಯ ಮುಖ ನೋಡಿ ನಕ್ಕ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಆ ಮಾತಿಗೆ ಅಲ್ಲಿ ಯಾರೂ ಅವನನ್ನು ಗದರಲಿಲ್ಲ. ಮುಖ್ಯ ನರ್ಸು ಮಾತ್ರ, "ಇಪ್ಪತ್ತಾರು ವರ್ಷದಲ್ಲಿ ಇವರದು ಇದೊಂದೇ. ಸೋಮವಾರದವರೆಗೆ ಸಮಯ ಕೊಡೋಣ. ಬರಹದಲ್ಲಿ ಏನಾದ್ರೂ ಬಂದ್ರೆ ನೋಡೋಣ," ಎಂದಳು.

"ಬರದಿದ್ರೆ?" ಎಂದಳು ಎಣಿಕೆಯಮ್ಮ.

"ಬರದಿದ್ರೆ ವಜಾ," ಎಂದ ಆಡಳಿತಾಧಿಕಾರಿ.

ಅವಳು ಮನೆಗೆ ಬಂದಾಗ ಮೇಜಿನ ಮೇಲೆ ಕೇಕಿನ ಪೆಟ್ಟಿಗೆ ಇತ್ತು. ಅಳಿಯ ಅಂದು ಬೇಗ ಬಂದಿದ್ದ. ಮಗಳೂ ಲಿಫ್ಟಪ್ಪನೂ ಎದ್ದು ನಿಂತರು.

"ಅತ್ತೆ, ಸರಿ ಮಾಡಿಬಿಟ್ಟೆ!" ಎಂದ ಅವನು. "ನಮ್ಮ ಪರದೆ ಇರೋ ನಲವತ್ತು ಆಸ್ಪತ್ರೇಲೂ ನಿನ್ನೆ ಸಂಜೇನೇ ಬದಲಾಯಿತು. ಇನ್ನು ಎರಡು ಸಲ ಅಲ್ಲ, ನೂರು ಸಲ ಒತ್ತಿದ್ರೂ ಯಾರಿಗೂ ಏನೂ ಆಗಲ್ಲ. ನನ್ನ ಮೇಲಿನವರನ್ನೂ ಒಪ್ಪಿಸಿದೆ."

"ಏನಂತ ಒಪ್ಪಿಸಿದೆ?"

"ಸುಧಾರಣೆ ಅಂತ. ತಪ್ಪು ಅಂತ ಎಲ್ಲೂ ಬರೀಬೇಡ ಅಂದ್ರು, ಸರಿ ಅಂದೆ. ಕೆಲಸ ಆದ್ರೆ ಸಾಕಲ್ವಾ?"

ಅವಳು ಕೈಚೀಲ ಕೆಳಗಿಟ್ಟಳು. "ಇವತ್ತು ನಾನು ಅವರ ಮುಂದೆ ನೀರಲ್ಲಿ ಕೈ ಅದ್ದಿ ಇಪ್ಪತ್ತು ಸಲ ಒತ್ತಿದೆ. ಕೋತಿ ಒತ್ತಿದ ಹಾಗೆ ಒತ್ತಿದೆ. ಏನೂ ಆಗಲಿಲ್ಲ. ನಾನು ಸುಳ್ಳಿ ಆದೆ."

ಅವನ ನಗು ಹಾಗೇ ಮುಖದ ಮೇಲೆ ಒಣಗಿತು.

"ನಿನ್ನ ತಪ್ಪು ನೀನು ಅಳಿಸಿಕೊಂಡೆ," ಎಂದಳು. ದನಿ ಏರಿತು. "ನನ್ನದು ಹಾಗೇ ಉಳೀತು! ಮೂರು ವಾರ ಕೂತು, ನನ್ನ ಕೈಲಿದ್ದ ಒಂದೇ ಒಂದು ಸಾಕ್ಷಿ ಒರೆಸಿ ಹಾಕಿದೆಯಲ್ಲೋ! ಮೇಲಿಂದ ಕೇಕು ತಂದಿದ್ದಾನೆ! ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ!"

"ಅತ್ತೆ, ನಾನು ಒಳ್ಳೇದಕ್ಕೇ..."

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಎಂದ ಲಿಫ್ಟಪ್ಪ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಕೇಕಿನ ಪೆಟ್ಟಿಗೆಯನ್ನು ಎತ್ತಿ ಕಪಾಟಿನ ಮೇಲಿಟ್ಟು ಆ ಜಾಗವನ್ನು ಬಟ್ಟೆಯಿಂದ ಒರೆಸಿದ.

ಮಗಳು ಒಳಗೆ ಹೋಗಿ ಬಿಳಿ ಹಾಳೆ, ಪೆನ್ನು ತಂದು ಗಂಡನ ಮುಂದಿಟ್ಟಳು. "ಬರೆ. ಈಗ ಬರೀದಿದ್ರೆ ಬೇರೆ ಮನೆ ನಿಜವಾಗಿಯೂ ಹುಡುಕ್ಕೋ. ಒಬ್ಬನಿಗೆ ಸಾಕಾಗೋಷ್ಟು."

ಅವನು ಬರೆದ. ಗುಂಡಿಗಳು ಒಂದೇ ಜಾಗದಲ್ಲಿದ್ದ ಹಳೆಯ ಚಿತ್ರ, ಬದಲಾಯಿಸಿದ ತಾರೀಕು, ಅಡುಗೆಮನೆಯಲ್ಲಿ ಗ್ಲೌಸ್ ಹಾಕಿ ನೋಡಿದ್ದು, ಎಲ್ಲ ಬರೆದ. ಎಣಿಕೆಯಮ್ಮ ಕನ್ನಡಕ ಹಾಕಿಕೊಂಡು ಎದುರು ಕೂತು, ಸಾಲು ಸಾಲಿಗೆ ಬೆರಳಿಟ್ಟು ಓದಿದಳು.

"ಒಂದು ಕಡಿಮೆ ಇದೆ."

"ಏನತ್ತೆ?"

"ಗುಂಡಿ ಹೀಗಿತ್ತು ಅಂತ ಇದೆ. ಇಟ್ಟವನು ನೀನು ಅಂತ ಇಲ್ಲ. ನನ್ನನ್ನ ಅಜಾಗರೂಕಳು ಅಂದವನೂ ನೀನೇ ಅಂತ ಇಲ್ಲ."

ಅವನು ಹಾಳೆ ಹರಿದು ಮತ್ತೆ ಬರೆದ. ಅವನು ಸಹಿ ಹಾಕಿದ ಮೇಲೆ ಮಗಳು ಅದೇ ಪೆನ್ನು ತೆಗೆದುಕೊಂಡು ಕೆಳಗೊಂದು ಸಾಲು ಸೇರಿಸಿದಳು: "ಅಜಾಗರೂಕತೆ ಎಂಬ ಪದ ಹಾಕಿದವಳು ನಾನು. ಆಗ ನನಗೆ ಏನೂ ಗೊತ್ತಿರಲಿಲ್ಲ. ಅವರ ಮಗಳು." ಎಣಿಕೆಯಮ್ಮ ಆ ಸಾಲನ್ನೂ ಓದಿದಳು. ಪೆನ್ನನ್ನು ಮತ್ತೆ ಅಳಿಯನ ಕೈಗೆ ಕೊಟ್ಟಳು.

"ಎರಡು ಪ್ರತಿ ಮಾಡು. ಒಂದು ಆಸ್ಪತ್ರೆಗೆ, ಇನ್ನೊಂದು ನಿನ್ನ ಕಂಪನಿಗೆ."

"ಕಂಪನಿಗೆ ಯಾಕತ್ತೆ? ಆಸ್ಪತ್ರೆಗೆ ಹೋದ್ರೆ ಸಾಕಲ್ವಾ?"

"ನಾಳೆ ನೀನೇ ಬರೆದಿಲ್ಲ ಅಂದ್ರೆ? ಸುಧಾರಣೆ ಅಂದವರು ನೀವು."

ಮರುದಿನ ಹತ್ತು ಗಂಟೆಗೆ ಅವಳು ಅಳಿಯನನ್ನು ಕರೆದುಕೊಂಡು ಅಂಚೆ ಕಚೇರಿಗೆ ಹೋಗಿ ಮಗಳ ಕೌಂಟರಿನ ಸಾಲಿನಲ್ಲಿ ನಿಂತಳು. ಮುಂದೆ ಆರು ಜನ ಇದ್ದರು. ಮಗಳು ಒಳಗಿನಿಂದ ಕರೆದರೂ ಅವಳು ಸಾಲು ಬಿಟ್ಟು ಹೋಗಲಿಲ್ಲ. ಸರದಿ ಬಂದಾಗ ಎರಡು ಲಕೋಟೆಗಳನ್ನು ಕಿಂಡಿಯೊಳಗೆ ತಳ್ಳಿದಳು.

"ರಿಜಿಸ್ಟರಾ?" ಎಂದು ಎಲ್ಲರನ್ನೂ ಕೇಳುವ ಹಾಗೆ ಕೇಳಿದಳು ಮಗಳು.

"ರಿಜಿಸ್ಟರ್. ಕೈಯಲ್ಲಿ ಕೊಟ್ರೆ ಬಂದೇ ಇಲ್ಲ ಅಂತಾರೆ."

ಮಗಳು ಆಸ್ಪತ್ರೆಯ ಲಕೋಟೆಗೆ ಮುದ್ರೆ ಹೊಡೆದು ಹಿಂದಿನ ಬುಟ್ಟಿಗೆ ಹಾಕಿದಳು. ಎರಡನೆಯದನ್ನು ಕೈಗೆತ್ತಿಕೊಂಡು ವಿಳಾಸ ನೋಡಿದಳು, ಗಂಡನ ಮುಖ ನೋಡಿದಳು. ಅವನು ಗೋಡೆಯ ಮೇಲಿನ ದರಪಟ್ಟಿ ಓದುತ್ತಿದ್ದ. ಹಿಂದಿನವರು ಬೇಗ ಆಗಲಿ ಎಂದು ಗೊಣಗಿದರು. ಅವಳು ಮುದ್ರೆಯನ್ನು ಮೆಲ್ಲಗೆ ಇಳಿಸಿದಳು. ಲಕೋಟೆಯ ಮೇಲೆ ಅರ್ಧ ವೃತ್ತ ಮಾತ್ರ ಮೂಡಿತು.

ಎಣಿಕೆಯಮ್ಮ ಕಿಂಡಿಯೊಳಗೆ ಕೈ ತೂರಿಸಿ ಲಕೋಟೆಯನ್ನು ಬೆರಳಿನಿಂದ ತಟ್ಟಿದಳು.

"ಹಿಡಿದಿಲ್ಲ. ಇನ್ನೊಂದು ಸಲ ಒತ್ತು."